ಸಾವಯವ ತೋಟದ ಇಳುವರಿ: ಎಲ್ಲರ ಲೆಕ್ಕವನ್ನೂ ಒಂದೇ ಕಡೆ ಬರೆದಿಟ್ಟರೆ ಹೇಗೆ?

ಪೆರ್ಲದ ತೋಟಿಗ

ನೆರೆಮನೆಯ ಹುಡುಗ ಕಳೆದ ತಿಂಗಳು ಕೇಳಿದ: "ಅಣ್ಣ, ರಾಸಾಯನಿಕ ಗೊಬ್ಬರ ಪೂರ್ತಿ ನಿಲ್ಲಿಸಿದರೆ ಅಡಿಕೆ ಎಷ್ಟು ಕಡಿಮೆಯಾಗುತ್ತದೆ? ಎಷ್ಟು ವರ್ಷ ತಡೆದುಕೊಳ್ಳಬೇಕು?" ನಾನು ನಿಲ್ಲಿಸಿ ಒಂಬತ್ತು ವರ್ಷವಾಯಿತು. ಉತ್ತರ ಹೇಳಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದೆ. ನನ್ನಲ್ಲಿ ಇರುವುದು ಅಡಿಕೆ ಮಾರಿದ ಚೀಟಿಗಳು ಮಾತ್ರ. ಅವುಗಳಲ್ಲಿಯೂ ಎರಡು ವರ್ಷದ್ದನ್ನು ಗೆದ್ದಲು ತಿಂದಿದೆ.

ಬೇರೆಯವರನ್ನಾದರೂ ಕೇಳೋಣವೆಂದು ಐದು ಸಾವಯವ ತೋಟಗಳಿಗೆ ಹೋದೆ. ಒಬ್ಬರು "ಮರಕ್ಕೆ ಎರಡು ಕಿಲೋ" ಎಂದರು. ಇನ್ನೊಬ್ಬರು "ವರ್ಷಕ್ಕೆ ಹನ್ನೆರಡು ಕ್ವಿಂಟಾಲ್" ಎಂದರು. ಮೂರನೆಯವರು ರೂಪಾಯಿಯಲ್ಲಿ ಹೇಳಿದರು. ನಾಲ್ಕನೆಯವರದು ಸಿಪ್ಪೆ ಸಮೇತದ ಗೋಣಿ ಲೆಕ್ಕ. ಐದನೆಯವರು ಚಹಾ ಕೊಟ್ಟು "ಮೊದಲಿಗಿಂತ ಅಡ್ಡಿಲ್ಲ" ಎಂದು ಮುಗಿಸಿದರು.

2012ರಲ್ಲಿ ನಮ್ಮ ಕಾಸರಗೋಡನ್ನು ಸಾವಯವ ಜಿಲ್ಲೆಯೆಂದು ಕೇರಳ ಸರ್ಕಾರ ಘೋಷಿಸಿತು. ಇಷ್ಟು ವರ್ಷವಾದರೂ ಒಬ್ಬ ಹುಡುಗನ ಪ್ರಶ್ನೆಗೆ ಉತ್ತರಿಸುವಷ್ಟು ಲೆಕ್ಕ ನಮ್ಮ ಬಳಿ ಇಲ್ಲ. ಎಲ್ಲರೂ ಮೊಬೈಲಿನಲ್ಲಿ ತೆರೆಯಬಹುದಾದ ಒಂದು ಪಟ್ಟಿ ಮಾಡೋಣವೇ? ಮರ ಎಷ್ಟು, ಪ್ರಾಯ ಎಷ್ಟು, ಯಾವ ತಳಿ, ಏನು ಗೊಬ್ಬರ, ಎಷ್ಟು ಕಿಲೋ ಚಾಲಿ (ಒಣಗಿಸಿ ಸುಲಿದ ಅಡಿಕೆ). ಅಡಿಕೆಯಿಂದ ಆರಂಭಿಸಿ ಆಮೇಲೆ ತೆಂಗು, ಕಾಳುಮೆಣಸು, ಭತ್ತಕ್ಕೆ ಹೋಗಬಹುದು. ಯಾರು ಯಾರು ಸೇರುತ್ತೀರಿ?

ಕಣಿಯ ಬದಿ

ನಾನು ಸೇರುತ್ತೇನೆ. ನನ್ನದೂ "ಅಡ್ಡಿಲ್ಲ" ವರ್ಗವೇ.

ಮುಳ್ಳೇರಿಯದ ಮಾವ

ಮೊದಲೇ ಹೇಳಿಬಿಡುತ್ತೇನೆ, ನಾನು ಯೂರಿಯಾ ಹಾಕುವವನು. ಓದಿ ಸಿಟ್ಟಾಗುವವರು ಈಗಲೇ ಆಗಿಬಿಡಿ.

ನಿಮ್ಮ ಪಟ್ಟಿಯಲ್ಲಿ ಯಾರು ಬರೆಯುತ್ತಾರೆ? ಗೆದ್ದವರು. ನಮ್ಮ ಊರಿನಲ್ಲಿ ಮೂವರು ಸಾವಯವಕ್ಕೆ ಇಳಿದರು. ಇಬ್ಬರು ಮೂರನೆಯ ವರ್ಷ ಸದ್ದಿಲ್ಲದೆ ಮತ್ತೆ ಪೊಟ್ಯಾಷ್ ಚೀಲ ತಂದರು. ಅವರು ಇಲ್ಲಿ ಬಂದು ಬರೆಯುತ್ತಾರೆಯೇ? ಉಳಿದ ಒಬ್ಬರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಅವರ ಅಂಕಿಯೇ ಎಲ್ಲರ ಅಂಕಿಯಾಗುತ್ತದೆ. ಅದನ್ನು ನಂಬಿ ನಾಲ್ಕನೆಯವನು ಗೊಬ್ಬರ ನಿಲ್ಲಿಸುತ್ತಾನೆ.

ಪೆರ್ಲದ ತೋಟಿಗ

ಮಾವ, ಸಿಟ್ಟಿಲ್ಲ. ಬಿಟ್ಟವರ ಲೆಕ್ಕವೇ ನನಗೆ ಹೆಚ್ಚು ಬೇಕಾಗಿರುವುದು. ಆ ಇಬ್ಬರನ್ನು ನೀವು ಕೇಳಿಕೊಡುತ್ತೀರಾ?

ಮುಳ್ಳೇರಿಯದ ಮಾವ

ಒಬ್ಬರು ನನ್ನ ಭಾವ. ಕೇಳಿದರೆ ಊಟಕ್ಕೆ ಕರೆಯುವುದು ನಿಲ್ಲುತ್ತದೆ. ನೋಡೋಣ.

ಒಂದೇ ಹಸು

ಇಳುವರಿ ಇಳಿಯುತ್ತದೆ ಎಂದು ಮೊದಲೇ ತೀರ್ಮಾನಿಸಿ ಪಟ್ಟಿ ಮಾಡುವುದೇ ತಪ್ಪು. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರು ಒಂದು ದೇಸಿ ಹಸುವಿನಿಂದ 30 ಎಕರೆ ಮಾಡಬಹುದು ಎಂದು ಹೇಳಿದ್ದಾರೆ. 10 ಕಿಲೋ ಸೆಗಣಿ, ಗೋಮೂತ್ರ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು, 200 ಲೀಟರ್ ನೀರು. ಜೀವಾಮೃತ ಸಿದ್ಧ. ನಮ್ಮ ಕಾಸರಗೋಡು ಗಿಡ್ಡ ತಳಿಯೇ ಇದಕ್ಕೆ ಶ್ರೇಷ್ಠ. ನನ್ನ ತೋಟದಲ್ಲಿ ಇಳುವರಿ ಏರಿದೆ.

ಲೆಕ್ಕದ ಮಾಸ್ತರ್

ಎಷ್ಟು ಇದ್ದದ್ದು ಎಷ್ಟಕ್ಕೆ ಏರಿದೆ?

ಒಂದೇ ಹಸು

ಕಣ್ಣಿಗೇ ಕಾಣುತ್ತದೆ ಮಾಸ್ತರರೇ. ಸೋಗೆಯ ಬಣ್ಣ ನೋಡಿದರೆ ಸಾಕು.

ಲೆಕ್ಕದ ಮಾಸ್ತರ್

ಮೂವತ್ತು ವರ್ಷ ಶಾಲೆಯಲ್ಲಿ "ಕಣ್ಣಿಗೇ ಕಾಣುತ್ತದೆ" ಎಂದು ಬರೆದ ಮಕ್ಕಳಿಗೆ ಅಂಕ ಕೊಟ್ಟವನಲ್ಲ ನಾನು.

ಒಂದು ಲೆಕ್ಕ ಇಡುತ್ತೇನೆ, ಜಗಳಕ್ಕಲ್ಲ. ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಕೊಡಿ ಎನ್ನುವುದು ಸಂಶೋಧನಾ ಸಂಸ್ಥೆಯ ಶಿಫಾರಸು. ಅದರ ಜೊತೆಗೆ 12 ಕಿಲೋ ಸೊಪ್ಪು, 12 ಕಿಲೋ ಕಾಂಪೋಸ್ಟ್ ಬೇರೆ. ಹಟ್ಟಿಗೊಬ್ಬರದಲ್ಲಿ ಸಾರಜನಕ ಸುಮಾರು ಶೇಕಡಾ ಅರ್ಧ. ಅಂದರೆ 12 ಕಿಲೋದಲ್ಲಿ 60 ಗ್ರಾಂ. ಬರೀ ಗೊಬ್ಬರದಿಂದ 100 ಗ್ರಾಂ ಆಗಬೇಕಾದರೆ ಮರಕ್ಕೆ 20 ಕಿಲೋ ಬೇಕು. ಸಾವಿರ ಮರಕ್ಕೆ 20 ಟನ್. ನಿಮ್ಮ ಗಿಡ್ಡ ಹಸು ಎಷ್ಟು ಸೆಗಣಿ ಹಾಕುತ್ತದೆ ಎನ್ನುವುದು ನಿಮಗೇ ಗೊತ್ತು. ಜೀವಾಮೃತದ ಕೆಲಸ ಬೇರೆ ರೀತಿಯದು, ಅದು ಮಣ್ಣಿನ ಜೀವಿಗಳಿಗೆ ಎಂದು ನೀವು ಹೇಳುತ್ತೀರಿ. ಇರಲಿ. ಹಾಗಾದರೆ ಪಟ್ಟಿಯಲ್ಲಿ ಅದಕ್ಕೂ ಒಂದು ಕಲಮು ಇಟ್ಟು ಐದು ವರ್ಷ ತೂಗೋಣ. ಗೆದ್ದರೆ ನಾನೇ ನಿಮ್ಮ ಮನೆಗೆ ಬಂದು ಬೆಲ್ಲ ಕೊಡುತ್ತೇನೆ.

ಕಣಿಯ ಬದಿ

ಪೊಟ್ಯಾಷ್‌ಗೆ ತೆಂಗಿನ ಸಿಪ್ಪೆಯ ಬೂದಿ ಒಳ್ಳೆಯದು. ಅಜ್ಜನ ಕಾಲದಲ್ಲಿ ಒಲೆಯ ಬೂದಿ ಒಂದು ಹಿಡಿಯೂ ಹೊರಗೆ ಹೋಗುತ್ತಿರಲಿಲ್ಲ. ಈಗ ಒಲೆಯೇ ಇಲ್ಲ.

ಗಡಿಯಾಚೆಯವನು

ವಿಟ್ಲದ ಕಡೆಯವನು, ಸೇರಬಹುದೇ? ನನ್ನ ಹೊಟ್ಟೆಪಾಡು ಕಂಪ್ಯೂಟರಿನಲ್ಲಿ ಇಂಥ ಪಟ್ಟಿಗಳನ್ನು ಮಾಡುವುದೇ.

ಒಂದು ಕಿವಿಮಾತು. "ಎಕರೆಗೆ ಇಷ್ಟು" ಎಂದು ಯಾರಿಂದಲೂ ಬರೆಸಬೇಡಿ. ಜನ ಮನಸ್ಸಿನಲ್ಲೇ ಭಾಗಿಸಿ ತಪ್ಪು ಉತ್ತರ ಕೊಡುತ್ತಾರೆ. ತೂಕ ಬೇರೆ, ಮರದ ಸಂಖ್ಯೆ ಬೇರೆ, ಜಾಗದ ಸೆಂಟ್ಸ್ ಬೇರೆ ಬರೆಸಿ. ಭಾಗಿಸುವುದು ಯಂತ್ರದ ಕೆಲಸ. ಹಾಗೆಯೇ "ಸಾವಯವ: ಹೌದು/ಅಲ್ಲ" ಎಂಬ ಕಲಮು ಇಡಬೇಡಿ. ಏನೇನು ಹಾಕಿದಿರಿ ಎಂದು ಕೇಳಿ. ಯಾರು ಸಾವಯವ, ಯಾರು ಅಲ್ಲ ಎನ್ನುವುದನ್ನು ಓದುವವನು ತೀರ್ಮಾನಿಸಲಿ.

ಒಂದೇ ಹಸು

ಅದು ಹೇಗೆ? ಮೈಲುತುತ್ತು ಸಿಂಪಡಿಸುವವರನ್ನೂ ಸೇರಿಸುತ್ತೀರಾ? ಹಾಗಾದರೆ ನಾನಿಲ್ಲ.

ಪೈವಳಿಕೆಯ ಇಳಿಜಾರು

ಬಂತು ನೋಡಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋದ ಜಗಳ ಇನ್ನೂ ಬರಲಿಲ್ಲವಲ್ಲ ಎಂದು ಕಾಯುತ್ತಿದ್ದೆ.

ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ನಮ್ಮ ಮುತ್ತಜ್ಜನೂ ಇದನ್ನೇ ಹೊಡೆದದ್ದು. ಕೇಂದ್ರದ ಸಾವಯವ ಪ್ರಮಾಣೀಕರಣದ ನಿಯಮದಲ್ಲಿಯೂ ತಾಮ್ರದ ಬಳಕೆಗೆ ಮಿತಿಯಿದೆ, ಪೂರ್ತಿ ನಿಷೇಧವಿಲ್ಲ. ಆಟಿ ತಿಂಗಳಿನಲ್ಲಿ ಹದಿನೈದು ದಿನ ಬಿಡದೆ ಮಳೆ ಹೊಯ್ದು ಗೊನೆ ಪೂರ್ತಿ ಕೊಳೆತು, ಎಳೆಯ ಕಾಯಿ ಬಿಳಿ ಬೂಷ್ಟು ಹಿಡಿದು ಉದುರುವಾಗ ತೋಟದಲ್ಲಿ ನಿಂತು ನೋಡಿದವರಿಗೆ ಈ ಪ್ರಶ್ನೆ ಬರುವುದಿಲ್ಲ. ಬೆಳಿಗ್ಗೆ ಬುಟ್ಟಿ ಹಿಡಿದು ಹೆಕ್ಕಿದರೆ ಸಂಜೆಗೆ ಅಷ್ಟೇ ಬಿದ್ದಿರುತ್ತದೆ. ನಾನು ಒಂದು ವರ್ಷ ಹಟಕ್ಕೆ ಬಿದ್ದು ಮಜ್ಜಿಗೆ, ಬೇವು ಎಂದು ಕುಳಿತವನು. ಆ ವರ್ಷ ಅಂಗಳದಲ್ಲಿ ಹರಡಿದ ಅಡಿಕೆ ನಡುಮನೆಯ ಬಾಗಿಲಿನಿಂದ ತುಳಸಿಕಟ್ಟೆಯವರೆಗೂ ಬರಲಿಲ್ಲ.

ಮುಳ್ಳೇರಿಯದ ಮಾವ

"ತುಳಸಿಕಟ್ಟೆಯವರೆಗೂ ಬರಲಿಲ್ಲ". ಇದನ್ನು ಪಟ್ಟಿಯಲ್ಲಿ ಯಾವ ಕಲಮಿನಲ್ಲಿ ಬರೆಯುತ್ತೀರಿ?

ಪೆರ್ಲದ ತೋಟಿಗ

ಗಡಿಯಾಚೆಯವರು ಹೇಳಿದ್ದೇ ಸರಿ. ಬೋರ್ಡೋ ಎಷ್ಟು ಸಲ ಎನ್ನುವುದಕ್ಕೆ ಒಂದು ಕಲಮು. ಸೊನ್ನೆ ಬರೆದವರು ಸೊನ್ನೆ ಬರೆಯಲಿ. ಒಂದೇ ಹಸು ಅಣ್ಣ, ನೀವು ಹೋಗಬೇಡಿ. ನಿಮ್ಮಂತಹ ಸೊನ್ನೆಯವರು ನಾಲ್ಕು ಮಂದಿ ಇಲ್ಲದಿದ್ದರೆ ಹೋಲಿಸುವುದು ಯಾರೊಂದಿಗೆ?

ಎಣ್ಮಕಜೆಯ ಜೇನು

ತೋಟದ ಹಿಂದಿನ ಕಥೆಗೂ ಒಂದು ಕಲಮು ಬೇಕು. ನಮ್ಮ ಗುಡ್ಡದ ಆಚೆ ಗೇರು ತೋಟ. 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಾಗ. ನಾನು ಆಗ ಚಿಕ್ಕವನು, ಶಬ್ದ ಕೇಳಿದರೆ ಅಂಗಳಕ್ಕೆ ಓಡಿ ಕೈಬೀಸುತ್ತಿದ್ದೆವು. ಅಪ್ಪನ ಜೇನುಪೆಟ್ಟಿಗೆಗಳು ಖಾಲಿಯಾದವು. ಆಗ ಯಾರಾದರೂ ವರ್ಷ ವರ್ಷ ಪೆಟ್ಟಿಗೆ ಎಷ್ಟು, ಜೇನು ಎಷ್ಟು, ಸತ್ತ ಕರು ಎಷ್ಟು ಎಂದು ಬರೆದಿಟ್ಟಿದ್ದರೆ ಆಮೇಲೆ "ಸಾಕ್ಷ್ಯ ಎಲ್ಲಿ" ಎಂದು ಕೇಳಿಸಿಕೊಳ್ಳುವ ಅವಸ್ಥೆ ಇಷ್ಟು ಇರುತ್ತಿರಲಿಲ್ಲ. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು.

ಅದಕ್ಕೇ ನಾನು ಬರೆಯುವವರ ಪರ. ಇಳುವರಿ ಹೆಚ್ಚೋ ಕಡಿಮೆಯೋ ಆಮೇಲಿನ ಮಾತು.

ಕಣಿಯ ಬದಿ

ಜೇನು ಅಣ್ಣ, ಈಗ ಪೆಟ್ಟಿಗೆ ಎಷ್ಟಿದೆ?

ಎಣ್ಮಕಜೆಯ ಜೇನು

ಹದಿನಾಲ್ಕು. ಮೊನ್ನೆ ಎರಡು ಕುಟುಂಬ ಹಾರಿಹೋದವು. ಹಾಗಾದರೆ ಹನ್ನೆರಡು. ನೋಡಿ, ನಾನೇ ತಪ್ಪು ಲೆಕ್ಕ ಕೊಟ್ಟೆ.

ಕೊಳಕೆ ಗದ್ದೆ

ಅಡಿಕೆಯವರೇ ಮಾತನಾಡುತ್ತಿದ್ದೀರಿ, ಗದ್ದೆಯವರೂ ಇದ್ದೇವೆ. ಕುಂಬಳೆಯ ಹತ್ತಿರ ನಮ್ಮದು ಮಳೆಗಾಲದ ಏಣೆಲು ಮತ್ತು ಆಮೇಲಿನ ಸುಗ್ಗಿ, ನೀರಿದ್ದ ವರ್ಷ ಬೇಸಿಗೆಯ ಮೂರನೆಯ ಬೆಳೆ ಕೊಳಕೆಯೂ ಉಂಟು. ಗೊಬ್ಬರ ಹಟ್ಟಿಯದು ಮತ್ತು ಸೊಪ್ಪು.

ನಮ್ಮ ಅತ್ತೆ ಇಂದಿಗೂ ಮುಡಿ ಲೆಕ್ಕವೇ ಹೇಳುವುದು. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಆದರೆ ಅಕ್ಕಿಮುಡಿಯೋ ಭತ್ತದ ಮುಡಿಯೋ ಎಂದು ಕೇಳಿದರೆ ಅವರಿಗೆ ಕೋಪ. ಗದ್ದೆಯ ಅಳತೆಯೂ ಮುಡಿಯೇ, "ಮೂರು ಮುಡಿ ಗದ್ದೆ" ಎಂದರೆ ಅಷ್ಟು ಬೀಜ ಬೀಳುವ ಜಾಗ. ಅಳತೆಯೂ ಮುಡಿ, ಬೆಳೆಯೂ ಮುಡಿ. ಇದನ್ನು ಸೆಂಟ್ಸ್‌ಗೆ ತಿರುಗಿಸಲು ನಾನು ಹಗ್ಗ ಹಿಡಿದು ಗದ್ದೆಗೆ ಇಳಿಯಬೇಕಾಯಿತು.

ಕೊನೆಗೆ ಸರ್ಕಾರದವರು ಬೆಳೆ ಕೊಯ್ದು ನೋಡುವ ಪದ್ಧತಿಯನ್ನೇ ಹಿಡಿದೆ. ಗದ್ದೆಯ ನಡುವೆ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ, ನಾಲ್ಕು ಮೂಲೆಗೆ ಕೋಲು, ಸುತ್ತ ಹಗ್ಗ. ಅಷ್ಟನ್ನೇ ಬೇರೆಯಾಗಿ ಕೊಯ್ದು, ಬಡಿದು, ತೂಗಿದೆ. 8 ಕಿಲೋ ಬಂತು.

ಲೆಕ್ಕದ ಮಾಸ್ತರ್

ಕೊಯ್ದ ದಿನವೇ ತೂಗಿದಿರಾ, ಒಣಗಿಸಿದ ಮೇಲೋ?

ಕೊಳಕೆ ಗದ್ದೆ

ಕೊಯ್ದ ಸಂಜೆ. ತೇವ ಶೇಕಡಾ 20 ಎಂದು ಮಿಲ್ಲಿನವರ ಯಂತ್ರ ತೋರಿಸಿತು.

ಲೆಕ್ಕದ ಮಾಸ್ತರ್

ಹಾಗಾದರೆ ಶೇಕಡಾ 14ರ ತೇವಕ್ಕೆ ಇಳಿಸಬೇಕು. 8 ಗುಣಿಸು 80, ಭಾಗಿಸು 86. 7.44 ಕಿಲೋ. 25 ಚದರ ಮೀಟರಿಗೆ ಅಷ್ಟು. ಎಕರೆಯಲ್ಲಿ ಅಂಥ ಚೌಕ ಸುಮಾರು 162, ಅದರಿಂದ ಗುಣಿಸಿ: ಸುಮಾರು 1,205 ಕಿಲೋ. ಒದ್ದೆ ಭತ್ತವನ್ನೇ ಹಿಡಿದಿದ್ದರೆ ಸುಮ್ಮನೆ 90 ಕಿಲೋ ಹೆಚ್ಚು ಬರುತ್ತಿತ್ತು. ಸಾವಯವದವರ ಹೆಚ್ಚಳವೂ ರಾಸಾಯನಿಕದವರ ಹೆಚ್ಚಳವೂ ಎಷ್ಟೋ ಸಲ ಹೀಗೆ ನೀರಿನ ತೂಕವೇ.

ಅಂದ ಹಾಗೆ, ಚೌಕವನ್ನು ಚೆನ್ನಾಗಿ ಬೆಳೆದ ಕಡೆ ಹಾಕಲಿಲ್ಲ ತಾನೇ?

ಕೊಳಕೆ ಗದ್ದೆ

ಮಗಳ ಕಣ್ಣಿಗೆ ಬಟ್ಟೆ ಕಟ್ಟಿ ಕಲ್ಲು ಎಸೆಯಲು ಹೇಳಿದೆ. ಮೊದಲನೆಯದು ತೋಡಿಗೆ ಬಿತ್ತು. ಎರಡನೆಯದು ಬಿದ್ದಲ್ಲಿ ಚೌಕ.

ಗಡಿಯಾಚೆಯವನು

ಅಕ್ಕ, ನಮ್ಮ ಕಚೇರಿಯಲ್ಲಿ ಇದನ್ನು ಮಾಡಲು ದೊಡ್ಡ ಸಂಬಳ ಕೊಡುತ್ತಾರೆ.

ಪೈವಳಿಕೆಯ ಇಳಿಜಾರು

ಯಾವ ತಳಿ ಅಕ್ಕ? ಕಯಮೆಯೇ?

ಕೊಳಕೆ ಗದ್ದೆ

ಹೌದು, ರಾಜಕಯಮೆ. ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿ ಅವರು 650ಕ್ಕೂ ಹೆಚ್ಚು ತಳಿ ಉಳಿಸಿ 2024ರಲ್ಲಿ ಪದ್ಮಶ್ರೀ ಪಡೆದರಲ್ಲ, ಈ ತಳಿಯನ್ನು ಹಬ್ಬಿಸಿದವರೂ ಅವರೇ. ನನಗೆ ಬೀಜ ಸಿಕ್ಕಿದ್ದು ಇನ್ನೊಬ್ಬರ ಕೈಯಿಂದ ಕೈಗೆ. ಹಾಗಾಗಿ ಪಟ್ಟಿಯಲ್ಲಿ ತಳಿಯ ಹೆಸರಿನ ಪಕ್ಕದಲ್ಲಿ "ಬೀಜ ಎಲ್ಲಿಂದ" ಎಂದೂ ಇರಲಿ. ಒಂದೇ ಹೆಸರಿನಲ್ಲಿ ನಾಲ್ಕು ಭತ್ತ ಓಡಾಡುತ್ತಿವೆ.

ಕಣಿಯ ಬದಿ

ನವಿಲು ತಿಂದದ್ದನ್ನು ಎಲ್ಲಿ ಬರೆಯುವುದು?

ಮುಳ್ಳೇರಿಯದ ಮಾವ

ಹಂದಿ, ಮಂಗ, ಕಾಡುಕೋಣ, ಎಲ್ಲದಕ್ಕೂ ಒಂದೊಂದು ಕಲಮು ಇಡಿ. ಕೊನೆಗೆ ಮನುಷ್ಯರಿಗೂ ಒಂದು ಉಳಿಯಲಿ.

ಪೈವಳಿಕೆಯ ಇಳಿಜಾರು

ಪಟ್ಟಿ ಯಾವ ಭಾಷೆಯಲ್ಲಿ? ಇದನ್ನು ಈಗಲೇ ಕೇಳಿಬಿಡುತ್ತೇನೆ. ಕಚೇರಿಯಿಂದ ಬರುವ ಅರ್ಜಿ ಎಷ್ಟೋ ಸಲ ಮಲಯಾಳದಲ್ಲಿ ಮಾತ್ರ. ಒಂದು ಸಲ ಬೆಳೆನಷ್ಟದ ಅರ್ಜಿಯನ್ನು ತುಂಬಿಸಿಕೊಡಲು ಪಕ್ಕದ ಮನೆಯ ಎಂಟನೆಯ ತರಗತಿಯ ಹುಡುಗಿಯನ್ನು ಕರೆದೆ. ಅವಳು "ಫಲ ಕೊಡುವ ಮರ" ಎಂಬ ಕಡೆ ತೋಟದ ಒಟ್ಟು ಮರ ಬರೆದಳು, ತಪ್ಪು ಅವಳದಲ್ಲ, ನಾನು ಹೇಳಿದ್ದೇ ಹಾಗೆ. ನಷ್ಟ ಕಡಿಮೆ ಎಂದು ಅರ್ಜಿ ಹಿಂದೆ ಬಂತು. 1956ರ ನವೆಂಬರಿನಿಂದ ನಾವು ಕೇರಳದ ಕಡೆಯವರಾದೆವು, ಅರ್ಜಿ ಮಾತ್ರ ಇನ್ನೂ ಈ ಕಡೆಯ ಕನ್ನಡದವರಿಗೆ ಬಂದು ತಲುಪಿಲ್ಲ.

ಎಣ್ಮಕಜೆಯ ಜೇನು

ಕನ್ನಡ, ಮಲಯಾಳ ಎರಡೂ ಇರಲಿ. ವೆಳ್ಳರಿಕುಂಡಿನ ಕಡೆ ಒಳ್ಳೆಯ ಸಾವಯವ ಕೃಷಿಕರಿದ್ದಾರೆ, ಅವರನ್ನು ಬಿಟ್ಟರೆ ಪಟ್ಟಿ ಅರ್ಧ ಜಿಲ್ಲೆಯದ್ದಾಗುತ್ತದೆ.

ಪೈವಳಿಕೆಯ ಇಳಿಜಾರು

ಬೇಡ ಎಂದೆನೇ? ಕನ್ನಡ ಇರಲಿ ಎಂದೆ.

ಸೋಗೆಯ ನೆರಳು

ಓದುತ್ತಾ ಇದ್ದೇನೆ, ಒಂದು ಹೆದರಿಕೆ. ಎರಡು ವರ್ಷದ ಹಿಂದೆ ಒಂದು ಕೃಷಿ ಆ್ಯಪ್‌ನವರು ಬಂದು ನನ್ನ ತೋಟದ ಲೆಕ್ಕವನ್ನೆಲ್ಲ ಮೊಬೈಲಿಗೆ ತುಂಬಿಸಿಕೊಂಡು ಹೋದರು. ಮರುವಾರದಿಂದ ದ್ರವಗೊಬ್ಬರದವರ ಕರೆ. "ನಿಮ್ಮ ಇಳುವರಿ ಮರಕ್ಕೆ ಒಂದೂಕಾಲು ಕಿಲೋ ಮಾತ್ರ ಅಲ್ಲವೇ ಸರ್?" ಎಂದು ಕೇಳುತ್ತಾರೆ. ನನ್ನ ಸ್ವಂತ ತಮ್ಮನಿಗೂ ಹೇಳದ ಸಂಖ್ಯೆ ಅದು. ಪಟ್ಟಿಯಲ್ಲಿ ಹೆಸರು, ಫೋನ್, ಸರ್ವೆ ನಂಬರ್ ಇದ್ದರೆ ನಾನು ಬರೆಯುವುದಿಲ್ಲ.

ಗಡಿಯಾಚೆಯವನು

ಹೆಸರು ಬೇಡ. ಪಂಚಾಯತಿನ ಹೆಸರು ಮತ್ತು ಒಂದು ಗುರುತು ಸಂಖ್ಯೆ ಸಾಕು. ಯಾವ ಸಂಖ್ಯೆ ಯಾರದು ಎನ್ನುವ ಕಾಗದ ಒಬ್ಬರ ಕಪಾಟಿನಲ್ಲಿ ಇರಲಿ, ಕಂಪ್ಯೂಟರಿನಲ್ಲಿ ಬೇಡವೇ ಬೇಡ. ಮಾಸ್ತರರ ಕಪಾಟು ಆಗಬಹುದೇ?

ಲೆಕ್ಕದ ಮಾಸ್ತರ್

ಆಗಬಹುದು. ಬೀಗ ಗಟ್ಟಿಯಿದೆ, ಬೀಗದ ಕೈ ಮನೆಯವಳಲ್ಲಿದೆ.

ಗಡಿಯಾಚೆಯವನು

ಇನ್ನೊಂದು. ಸಾವಯವದ ಇಳುವರಿ ಕಡಿಮೆಯೇ ಎಂಬುದಕ್ಕೆ ಲೋಕದಲ್ಲಿ ಲೆಕ್ಕವೇ ಇಲ್ಲವೆಂದಲ್ಲ. 2012ರಲ್ಲಿ 66 ಅಧ್ಯಯನಗಳನ್ನು ಸೇರಿಸಿ ನೋಡಿದ ಒಂದು ಪ್ರಬಂಧ ಬಂತು. ಬೆಳೆ, ಮಣ್ಣು, ಆರೈಕೆಗೆ ತಕ್ಕಂತೆ ಶೇಕಡಾ 5ರಿಂದ 34ರವರೆಗೆ ಕಡಿಮೆ ಎಂದಿತು. ಸ್ವಿಟ್ಜರ್ಲೆಂಡಿನಲ್ಲಿ 1978ರಿಂದ ಒಂದೇ ಹೊಲದಲ್ಲಿ ಎರಡೂ ಪದ್ಧತಿಯನ್ನು ಅಕ್ಕಪಕ್ಕ ಮಾಡುತ್ತಾ ಬಂದಿದ್ದಾರೆ. 21 ವರ್ಷದ ಲೆಕ್ಕದಲ್ಲಿ ಸುಮಾರು ಶೇಕಡಾ 20 ಕಡಿಮೆ. ಆದರೆ ಅಲ್ಲಿಯದು ಗೋಧಿ, ಬಟಾಟೆ. ಅಡಿಕೆಯ ಬುಡದಲ್ಲಿ ಕೋಕೋ, ಮರಕ್ಕೆ ಒಳ್ಳೆಮೆಣಸು (ಕಾಳುಮೆಣಸು), ನಡುವೆ ಬಾಳೆ ಇರುವ ನಮ್ಮ ತೋಟಕ್ಕೆ ಆ 20 ಹೊಂದುತ್ತದೆಯೇ?

ಒಂದೇ ಹಸು

ಅದೇ ನಾನೂ ಹೇಳುವುದು. ಅಡಿಕೆ ಒಂದನ್ನೇ ತೂಗಿದರೆ ಸಾವಯವಕ್ಕೆ ಅನ್ಯಾಯ. ಬಾಳೆ, ಕೆಸು, ಬಸಳೆ, ಒಂದು ದನದ ಹುಲ್ಲು, ಎಲ್ಲ ಸೇರಿಸಿ.

ಮುಳ್ಳೇರಿಯದ ಮಾವ

ಈ ಒಂದು ಮಾತಿಗೆ ನನ್ನ ಒಪ್ಪಿಗೆ ಇದೆ. ತಾರೀಕು ಬರೆದಿಟ್ಟುಕೊಳ್ಳಿ.

ಅಡೂರಿನ ಅಕ್ಕ

ಎಲ್ಲರೂ ಕಲಮಿನ ಮೇಲೆ ಕಲಮು ಸೇರಿಸುತ್ತಿದ್ದೀರಿ. ಮೂಲ ಪ್ರಶ್ನೆಗೆ ಬರುತ್ತೇನೆ: ತೂಕ ಎಲ್ಲಿಂದ ತರುತ್ತೀರಿ?

ಪೆರ್ಲದ ತಮ್ಮ ಮಾರಾಟದ ಚೀಟಿ ಎಂದರು. ಅದು ನಂಬುವ ಲೆಕ್ಕವಲ್ಲ. ನಾವು ಯಾರಾದರೂ ಆ ವರ್ಷದ ಅಡಿಕೆಯನ್ನು ಆ ವರ್ಷವೇ ಮಾರುತ್ತೇವೆಯೇ? ದರ ನೋಡಿ ಅರ್ಧ ಇಡುತ್ತೇವೆ, ಹಳೆ ಅಡಿಕೆಗೆ ದರ ಹೆಚ್ಚು. ಮಗಳ ಮದುವೆಯ ವರ್ಷ ಮೂರು ಫಸಲು ಒಟ್ಟಿಗೆ ಹೋಗುತ್ತದೆ. ಆ ಚೀಟಿ ನೋಡಿದವರಿಗೆ ಸಾವಯವದಲ್ಲಿ ಇಳುವರಿ ಮೂರು ಪಟ್ಟು ಎಂದು ಕಾಣುತ್ತದೆ!

ನಮ್ಮ ಮನೆಯಲ್ಲಿ ಲೆಕ್ಕ ಇರುವುದು ಬೇರೆ ಪುಸ್ತಕದಲ್ಲಿ. ಸುಲಿಯುವವರ ಕೂಲಿ ಪುಸ್ತಕ. ಅವರಿಗೆ ಕೂಲಿ ಕೊಡುವುದು ದಿನಕ್ಕಲ್ಲ, ಸುಲಿದ ಕಿಲೋಗೆ. ಪ್ರತಿ ಸಂಜೆ ತಕ್ಕಡಿ ಇಡುತ್ತೇವೆ, ಅವರೂ ನೋಡುತ್ತಾರೆ, ನಾನೂ ನೋಡುತ್ತೇನೆ. ಅಲ್ಲಿ ನೂರು ಗ್ರಾಂ ಆಚೀಚೆಯಾದರೂ ಜಗಳ. ಅಂತಹ ತೂಕ ಇನ್ನೆಲ್ಲಿ ಸಿಗುತ್ತದೆ? ಅತ್ತೆ ಬರೆಯುತ್ತಿದ್ದರು, ಅವರು ಹೋದ ಮೇಲೆ ನಾನು ಬರೆಯುತ್ತೇನೆ. ಪಟೋರ, ಕರಿಗೋಟಿನಂತಹ ಕೆಳದರ್ಜೆಯ ಅಡಿಕೆಯೂ ಸೇರಿದ ಒಟ್ಟು ತೂಕ. ಯಾವ ವರ್ಷ ಎಷ್ಟು ಅಡಿಕೆ ಮನೆಗೆ ಬಂತು ಎಂದು ನನಗೆ 1998ರಿಂದ ಗೊತ್ತು. ಯಾರೂ ಕೇಳಿರಲಿಲ್ಲ, ಹೇಳಿರಲಿಲ್ಲ.

ಪೆರ್ಲದ ತೋಟಿಗ

ಅಕ್ಕ!! ಕೂಲಿ ಪುಸ್ತಕ ನಮ್ಮಲ್ಲೂ ಇದೆ. ಅಮ್ಮನ ಹತ್ತಿರ, ದೇವರ ಕೋಣೆಯ ಕಪಾಟಿನಲ್ಲಿ. ಈಗಲೇ ನೋಡುತ್ತೇನೆ.

ಲೆಕ್ಕದ ಮಾಸ್ತರ್

ಇಷ್ಟು ಹೊತ್ತು ನಾವು ಗಂಡಸರು ಎಂಡೋಸಲ್ಫಾನ್, ಸ್ವಿಟ್ಜರ್ಲೆಂಡ್ ಎಲ್ಲ ಸುತ್ತಿ ಬಂದೆವು.

ತೂಕ ಸಿಕ್ಕಿತು, ಇನ್ನು ಮರ. ಎರಡು ಮುಕ್ಕಾಲು ಮೀಟರಿಗೆ ತುಸು ಕಡಿಮೆ, ಅಂದರೆ 2.7 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 1,370 ಮರ, ಎಕರೆಗೆ ಸುಮಾರು 550. "ಒಂದೂವರೆ ಎಕರೆಯಲ್ಲಿ ಸಾವಿರ ಮರ" ಎನ್ನುವವರು ದಯವಿಟ್ಟು ಒಮ್ಮೆ ತೋಟಕ್ಕೆ ಹೋಗಿ ಎಣಿಸಿ. ಬಾಲ್ದಿಯಲ್ಲಿ ಸುಣ್ಣದ ನೀರು, ಒಂದು ಕುಂಚ, ಎಣಿಸಿದ ಮರಕ್ಕೆ ಒಂದು ಗೆರೆ. ಈ ವರ್ಷ ಗೊನೆ ಇದ್ದರೆ ಎರಡು ಗೆರೆ.

ಪೆರ್ಲದ ತೋಟಿಗ

ನಾಲ್ಕು ದಿನ ತಡವಾಯಿತು, ಕ್ಷಮಿಸಿ. ಪುಸ್ತಕ ಸಿಕ್ಕಿತು, ಮರವೂ ಎಣಿಸಿದೆ. ಇದೇ ಪಟ್ಟಿಯ ಮೊದಲ ಸಾಲು ಎಂದುಕೊಳ್ಳಿ.

ಅಪ್ಪ ಯಾವಾಗಲೂ "ಸಾವಿರ ಮರ" ಎನ್ನುತ್ತಿದ್ದರು. ಸುಣ್ಣದ ಗೆರೆ ಬಿದ್ದದ್ದು 862 ಮರಕ್ಕೆ, ಎರಡು ಗೆರೆ 790ಕ್ಕೆ. ಹೆಚ್ಚಿನವು ಮಂಗಳ ತಳಿ, ನದಿಬದಿಯ ಸಾಲು ಊರ ಅಡಿಕೆ.

ರಾಸಾಯನಿಕ ಹಾಕಿದ ಕೊನೆಯ ವರ್ಷ 1,640 ಕಿಲೋ ಚಾಲಿ. ನಿಲ್ಲಿಸಿದ ಮೊದಲ ವರ್ಷ 1,510. ಎರಡನೆಯದು 1,180. ಮೂರನೆಯದು 1,090. ಅಮ್ಮ ಆ ವರ್ಷದ ಪುಟದ ಅಂಚಿನಲ್ಲಿ "ದೇವರೇ" ಎಂದು ಬರೆದಿದ್ದಾರೆ, ನನಗೆ ಗೊತ್ತೇ ಇರಲಿಲ್ಲ. ನಾಲ್ಕನೆಯದು 1,260. ಐದನೆಯ ವರ್ಷ ಕೊಳೆರೋಗ, 640. ಆಮೇಲೆ 1,220, 1,350, 1,410. ಕಳೆದ ವರ್ಷ 1,480, ಫಲ ಕೊಡುವ ಮರಕ್ಕೆ ಭಾಗಿಸಿದರೆ 1.87 ಕಿಲೋ. ಬೋರ್ಡೋ: ಐದನೆಯ ವರ್ಷದವರೆಗೆ ಒಂದು ಸಲ, ಆಮೇಲೆ ಎರಡು ಸಲ.

ಹಿಂದಿನ ವರ್ಷಗಳಲ್ಲಿ ಎಷ್ಟು ಮರ ಇತ್ತೋ ತಿಳಿಯದು, ಹಾಗಾಗಿ ಆ ಸಾಲಿನಲ್ಲಿ ಮರದ ಕಲಮು ಖಾಲಿ ಬಿಟ್ಟಿದ್ದೇನೆ. ಮೂರನೆಯ ವರ್ಷ ನಾನು ಎಲ್ಲರಿಗೂ "ಅಡ್ಡಿಲ್ಲ" ಎಂದೇ ಹೇಳಿಕೊಂಡು ತಿರುಗಿದ್ದು ನೆನಪಿದೆ.

ಸೋಗೆಯ ನೆರಳು

ನನ್ನ ಒಂದೂಕಾಲು ಕಿಲೋವನ್ನೂ ಬರೆದುಕೊಳ್ಳಿ. ಗುರುತು ಸಂಖ್ಯೆ ಕೊಟ್ಟರೆ ಸಾಕು.

ಒಂದೇ ಹಸು

ಪೆರ್ಲದವರೇ, ಐದನೆಯ ವರ್ಷ ನಮ್ಮಲ್ಲಿಯೂ ಹಾಗೆಯೇ ಆಯಿತು. ಬೋರ್ಡೋ ಸೊನ್ನೆ. ತೂಕ ಎಷ್ಟೆಂದು ಸುಲಿದವರನ್ನು ಕೇಳಿ ಹೇಳುತ್ತೇನೆ. ಕಡಿಮೆಯೇ ಇರುತ್ತದೆ.

ಮುಳ್ಳೇರಿಯದ ಮಾವ

ಆ ಕೊಳೆರೋಗದ ವರ್ಷ ಯೂರಿಯಾದವನ ತೋಟದಲ್ಲಿ ಏನಾಯಿತು ಎಂದು ಯಾರೂ ಕೇಳಲಿಲ್ಲ. ಅರ್ಧಕ್ಕೂ ಕಡಿಮೆ ಬಂತು. ಬೋರ್ಡೋ ಎರಡು ಸಲ ಹೊಡೆದಿದ್ದೆ, ಎರಡನೆಯದು ಹತ್ತು ದಿನ ತಡ, ಮಳೆ ಬಿಡಲಿಲ್ಲ. ಸಾವಯವದವರದು ಮಾತ್ರ ಬರೆದರೆ 640ಕ್ಕೆ ಗೊಬ್ಬರ ಕಾರಣವೋ ಮಳೆ ಕಾರಣವೋ ಯಾರಿಗೂ ತಿಳಿಯುವುದಿಲ್ಲ. ನನ್ನದನ್ನೂ ಸೇರಿಸಿ. 1,400 ಮರ.

ಲೆಕ್ಕದ ಮಾಸ್ತರ್

ಎಣಿಸಿದ್ದೋ, ಹೇಳಿದ್ದೋ?

ಮುಳ್ಳೇರಿಯದ ಮಾವ

ಸುಣ್ಣ ಕಲಸಲು ಹೇಳಿದ್ದೇನೆ ಮಾಸ್ತರರೇ, ತಾಳ್ಮೆ ಇರಲಿ.

ಮುಳ್ಳೇರಿಯದ ಮಾವ

1,263. ಭಾವನೂ ಜೊತೆಗೆ ಬಂದಿದ್ದರು, ಕುಂಚ ಹಿಡಿದದ್ದು ಅವರೇ. ತಮ್ಮ ಮೂರು ವರ್ಷದ ಪುಸ್ತಕ ಕೊಡುತ್ತಾರಂತೆ, ಊಟವೂ ಆಯಿತು.

ಕಣಿಯ ಬದಿ

ಎಲ್ಲ ಸರಿ, ಒಳ್ಳೆಮೆಣಸಿನ ಬಳ್ಳಿಯನ್ನು ಎಣಿಸುವುದು ಹೇಗೆ? ಒಂದೇ ಮರಕ್ಕೆ ಮೂರು ಹತ್ತಿವೆ.

ಅಡೂರಿನ ಅಕ್ಕ

ಹಸಿಯದನ್ನು ತೂಗಬೇಡಿ, ಒಣಗಿದರೆ ಮೂರರಲ್ಲಿ ಒಂದು ಪಾಲು ಉಳಿಯುತ್ತದೆ. ಬಳ್ಳಿ ಹತ್ತಿದ ಮರ ಎಣಿಸಿದರೆ ಸಾಕು. ಸುಣ್ಣ ಮಾತ್ರ ಬೇಡ, ಎಲೆಗೆ ತಾಗುತ್ತದೆ. ಹಳೆಯ ಸೀರೆಯ ಅಂಚು ಹರಿದು ಕಟ್ಟಿ.